ಕೀನ್ಯಾದ ಬೆರಳುದ್ದ ಮಣ್ಣು

ಉಜ್ಜಿನಿ ರಸ್ತೆಯ ನಮ್ಮ ಮನೆ

ಬಿತ್ತನೆಯ ಶೇಂಗಾ ಸುಲಿಯುತ್ತಾ ಪಡಸಾಲೆಯಲ್ಲಿ ಕೂತಿದ್ದೆ. ಬೀಜದ ಶೇಂಗಾವನ್ನು ಮಷೀನಿಗೆ ಹಾಕಿದರೆ ಕಾಳು ಒಡೆಯುತ್ತವೆ, ಒಡೆದ ಕಾಳು ಮೊಳೆಯುವುದಿಲ್ಲ. ಹಾಗಾಗಿ ನಮ್ಮ ಕಡೆ ಅದನ್ನು ಹೆಂಗಸರೇ ಕೈಯಲ್ಲಿ ಸುಲಿಯುತ್ತೇವೆ, ಹೆಬ್ಬೆರಳಿನ ಚರ್ಮ ಎದ್ದು ಉಪ್ಪು ತಾಗಿದರೆ ಚುರ್ ಎನ್ನುವ ತನಕ. ಮೊರದ ಒಂದು ಕಡೆ ಕಾಳು, ಇನ್ನೊಂದು ಕಡೆ ಸಿಪ್ಪೆ. ಸಿಪ್ಪೆ ಒಲೆಗೆ.

ಆಗ ಶೈಲಾ ಮೇಡಂ ಫೋನು ಬಂತು. ನಮ್ಮ ಮಹಿಳಾ ಸಂಘಕ್ಕೆ ಬದು ಹಾಕುವುದು, ಗೊಬ್ಬರ ಮಾಡುವುದು ಕಲಿಸಲು ಬರುವ ಸಂಸ್ಥೆಯವರು ಅವರು.

"ಕೊಟ್ರಮ್ಮ, ಕೀನ್ಯಾದಿಂದ ಒಪ್ಪಿಗಿ ಬಂತು ನೋಡ್ರಿ. ನಿಮ್ಮ ಹೆಸರಿಗೇ ಬಂದೈತಿ. ಬಟ್ಟಿ ಕಟ್ಟಿಕೊಳ್ರಿ."

ಮಳೆ ಕಮ್ಮಿ ಇರುವ ಸೀಮೆಗಳ ರೈತ ಹೆಂಗಸರ ಸಭೆಯೊಂದು ಆಫ್ರಿಕಾದ ಕೀನ್ಯಾ ದೇಶದಲ್ಲಿ ಇತ್ತು. ಒಬ್ಬರದಾದರೂ ಆಗಲಿ ಎಂದು ಸಂಘದಿಂದ ನಾಲ್ಕೈದು ಹೆಸರು ಕಳಿಸಿದ್ದರು. ನನ್ನದು ಸಾಲು ತುಂಬಿಸಲು ಹಾಕಿದ ಹೆಸರು ಎಂದೇ ನಾನು ತಿಳಿದಿದ್ದೆ. ಕೊಟ್ಟೂರಿನ ದೇವರು ಕೊಟ್ರೇಶನಿಗೆ ಕೂತಲ್ಲಿಂದಲೇ ಕೈ ಮುಗಿದೆ. ಆಮೇಲೆ ಮೊರ ನೋಡಿದೆ. ಉಳಿದದ್ದನ್ನು ಯಾರು ಸುಲಿಯುತ್ತಾರೆ?

ನಮ್ಮ ಮನೆಯವರು ಹೊರಗಿನಿಂದ ಬಂದವರು ಸುದ್ದಿ ಕೇಳಿ ಟವೆಲಿನಿಂದ ಮುಖ ಒರೆಸಿಕೊಂಡರು.

"ಆಫ್ರಿಕಾಕ್ಕಾ? ಸಿಂಹ ಇರ್ತಾವಲ್ಲೇ ಅಲ್ಲಿ."

"ಇರ್ಲಿ ಬಿಡ್ರಿ. ಇಷ್ಟು ವರ್ಷ ಒಂದರ ಕೂಡ ಬಾಳೇವು ಮಾಡೀನಿ, ರೂಢಿ ಐತಿ."

ನಕ್ಕರು. ನಗುತ್ತಲೇ ಮೊರದ ಕಡೆ ಕಣ್ಣು ಹೋಯಿತು.

"ಇಷ್ಟ್ಯಾಕ ಸುಲೀತಿ? ಕೆಳಗಿನ ಹೊಲಕ್ಕಾಗುವಷ್ಟು ಸುಲಿ ಸಾಕು. ಮ್ಯಾಗಿನ ಹೊಲ ಈ ಸಲ ಬಿತ್ತೋದಿಲ್ಲ."

ನಮಗಿರುವುದು ಎರಡು ತುಂಡು ಹೊಲ. ಕೆಳಗಿನದು ಹಳ್ಳದ ಪಕ್ಕದ್ದು, ಅದರ ಚಿಂತೆಯಿಲ್ಲ. ಮೇಲಿನದು ಕೆಂಪು ಮಸಾರಿ, ಇಳಿಜಾರು. ಒಂದು ಮಳೆ ಬಿದ್ದು ಬಿಸಿಲು ಬಂದರೆ ಅದರ ಮೈಮೇಲೆ ಹಪ್ಪಳದಂಥ ಪೊರೆ ಕಟ್ಟುತ್ತದೆ. ಮುಂದಿನ ಮಳೆ ಒಳಗಿಳಿಯದೆ ಜಾರಿಕೊಂಡು ಹಳ್ಳಕ್ಕೆ ಹೋಗುತ್ತದೆ. ಕೊಟ್ಟೂರಿನ ಅಂಚಿನಲ್ಲಿ ಹೊಸ ಲೇಔಟ್ ಮಾಡುತ್ತಿದ್ದಾರೆ. ಅಲ್ಲಿಗೆ ಮಣ್ಣು ತುಂಬಿಸುವ ಕಂಟ್ರಾಕ್ಟರು ನಮ್ಮ ಮನೆಯವರಿಗೆ ಒಂದು ಮಾತು ಹೇಳಿದ್ದ: ಮೇಲಿನ ಮಣ್ಣು ಒಂದು ಮೊಳ ನಾನು ಎತ್ತಿಕೊಳ್ಳುತ್ತೇನೆ, ಹೊಲವನ್ನು ಅಂಗೈಯಂತೆ ಸಮ ಮಾಡಿಕೊಡುತ್ತೇನೆ. ಇವರಿಗೆ ಆ ಮಾತಿನ ಕೊನೆಯ ಅರ್ಧ ಹಿಡಿಸಿತ್ತು. ನನಗೆ ಮೊದಲ ಅರ್ಧ ನಿದ್ದೆಗೆಡಿಸಿತ್ತು. ಒಂದು ಮೊಳದ ಕೆಳಗೆ ಅಲ್ಲಿ ಏನಿದೆ ಎಂದು ಬದು ಹಾಕುವಾಗ ಸನಿಕೆ ಹಿಡಿದ ನಾನು ಕಂಡಿದ್ದೇನೆ. ಬರೀ ಗರಸು, ಹರಳುಕಲ್ಲು.

"ನಾ ಬರೋತನ ಹೊಲಕ್ಕ ಮಷೀನ್ ಇಳಸಬ್ಯಾಡ್ರಿ," ಎಂದೆ.

"ನೋಡೋಣು."

ನಮ್ಮ ಮನೆಯಲ್ಲಿ 'ನೋಡೋಣು' ಎಂದರೆ ಇಲ್ಲ ಎಂದೇ ಲೆಕ್ಕ.

ಹೊರಡುವ ದಿನ ಓಣಿಯ ಹೆಂಗಸರೆಲ್ಲ ಬಂದರು. ಬಂದವರಿಗೆಲ್ಲ ಉಡಿ ತುಂಬಿದೆ. ಅದೇ ಹೊತ್ತಿಗೆ ಬಾಗಿಲಿಗೆ ಮೈಲವ್ವ ಬಂದಳು. ಅವಳದು ಕುರಿ ಸಾಕುವ ಮನೆತನ. ಸುಗ್ಗಿಯ ಮೇಲೆ ಗದ್ದೆ ಸೀಮೆಗೆ ಹೋದ ಅವರ ಮಂದೆ ಮುಂಗಾರಿಗೆ ಮೊದಲು ನಮ್ಮೂರ ಮೇಲೆಯೇ ಹೊರಳಿ ಬರುತ್ತದೆ. ನಮ್ಮ ಅತ್ತೆಯವರಿದ್ದಾಗ ಆ ಮಂದೆಯನ್ನು ನಮ್ಮ ಹೊಲದಲ್ಲಿ ತರುಬುತ್ತಿದ್ದರು. ಅಂದರೆ ಕತ್ತಲಾದ ಮೇಲೆ ಕುರಿಗಳನ್ನು ಹೊಲದಲ್ಲೇ ಕೂಡಿಸುವುದು. ಹಿಕ್ಕೆ, ಗಂಜಳ ಮಣ್ಣಿಗೆ. ಕುರಿಗಾರರಿಗೆ ಹೊಲದವರ ಮನೆಯಿಂದ ಕಾಳು, ರೊಟ್ಟಿ. ಹಿಕ್ಕೆಯ ಜೊತೆ ಕಳೆಯ ಬೀಜವೂ ಬರುತ್ತದೆಂದು ನಮ್ಮ ಮನೆಯವರು ಅದನ್ನು ನಿಲ್ಲಿಸಿದರು. ಆದರೂ ಮೈಲವ್ವ ಮಜ್ಜಿಗೆಗೆ ಬರುವುದನ್ನು ಬಿಟ್ಟಿರಲಿಲ್ಲ.

ಎಲ್ಲರಿಗೂ ತುಂಬಿ ಇವಳಿಗೆ ಬಿಡುವುದೇ? ಅವಳ ಸೆರಗಿಗೂ ಜೋಳ, ಬೆಲ್ಲದ ಹಳಕು, ಎಲೆ, ಅಡಿಕೆ ಹಾಕಿದೆ.

"ಯಕ್ಕಾ, ಇದ್ಯಾಕ?"

"ಇರ್ಲಿ ತಗೋ ಮೈಲವ್ವ. ದೂರ ಹೊಂಟೀನಿ. ಬಾಯಿ ತುಂಬ ಒಂದು ಮಾತು ಆಡು."

ಅವಳು ಸೆರಗಿನ ಕಾಳು ನೋಡಿದಳು, ನನ್ನನ್ನು ನೋಡಿದಳು. ಸೆರಗಿನ ಗಂಟನ್ನು ಹಣೆಗೆ ಮುಟ್ಟಿಸಿಕೊಂಡು, "ಆತು ಬಿಡು ಯಕ್ಕಾ. ಮಾತು ಅಂದ್ರ ಮಾತು. ಏಳುಕೋಟಿ ಮೈಲಾರಲಿಂಗ ನಿನ್ನ ಕಾಯ್ಲಿ," ಎಂದು ಹೋದಳು. ಹರಕೆ ಆಯಿತೆಂದು ನಾನು ಒಳಗೆ ಬಂದೆ. ಮೇಲಿನ ಹೊಲದಿಂದ ಮೊದಲೇ ತಂದಿಟ್ಟಿದ್ದ ಒಂದು ಹಿಡಿ ಮಣ್ಣನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ರೊಟ್ಟಿಯ ಚೀಲದ ತಳಕ್ಕೆ ಇಟ್ಟುಕೊಂಡೆ. ಸಭೆಯಲ್ಲಿ ತಿಳಿದವರಿಗೆ ತೋರಿಸಿ, ಇದಕ್ಕೇನು ಔಷಧ ಎಂದು ಕೇಳೋಣ ಎಂಬ ಆಸೆ.

ನೈರೋಬಿ

ಲಿಂಗಪೂಜೆ ಆಗದೆ ನಾನು ಬಾಯಿಗೆ ನೀರೂ ಹಾಕುವವಳಲ್ಲ. ವಿಮಾನದ ಸೀಟಿನಲ್ಲೇ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ವಿಭೂತಿ ಹಚ್ಚಿಕೊಳ್ಳುವ ಹೊತ್ತಿಗೆ ವಿಮಾನ ದಡಕ್ಕೆಂದು ಕುಲುಕಿತು. ವಿಭೂತಿಯ ಪುಡಿ ಪಕ್ಕದಲ್ಲಿದ್ದವರ ಕರಿ ಕೋಟಿನ ಮೇಲೆ. ಒರೆಸಲು ಸೆರಗು ಎತ್ತಿದೆ. ಅವರು ಸಿಟ್ಟಾಗಲಿಲ್ಲ. ಬೆರಳಿನಿಂದ ಅಷ್ಟು ತೆಗೆದು ತಮ್ಮ ಹಣೆಗೇ ಹಚ್ಚಿಕೊಂಡು ಕಣ್ಣು ಮುಚ್ಚಿದರು. ಯಾವ ದೇಶದವರೋ, ಯಾವ ದೇವರ ಒಕ್ಕಲೋ. ದೊಡ್ಡವರು.

ನೈರೋಬಿ ವಿಮಾನ ನಿಲ್ದಾಣದಲ್ಲಿ ಸಾಮಾನು ನೋಡುವ ಕಡೆ ಎತ್ತರದ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕೂರಿಗೆ ಸಾಲು ಹಾಕಿದಂತೆ ನೆತ್ತಿಯ ತುಂಬ ಹೆಣೆದ ಸಣ್ಣ ಸಣ್ಣ ಜಡೆ. ನನ್ನ ಚೀಲ ಬಿಚ್ಚಿ ಕಟಕ್ ರೊಟ್ಟಿಯ ಅಟ್ಟಿ ಹೊರಗೆ ತೆಗೆದಳು. ಒಂದನ್ನು ಉಗುರಿನಿಂದ ಟಕ್ ಟಕ್ ಬಡಿದಳು.

"ಇದೇನು ತಿನ್ನೋದಾ ಅಂತ ಕೇಳ್ತಾಳ," ಎಂದರು ನನ್ನ ಜೊತೆ ಬಂದಿದ್ದ ಶೈಲಾ ಮೇಡಂ.

ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಅವಳ ಕೈಗೆ ಕೊಟ್ಟೆ. ಅವಳು ಮೂಸಿದಳು, ಕಡಿದಳು. ಕಟಮ್ ಎಂದ ಸಪ್ಪಳಕ್ಕೆ ತಾನೇ ನಕ್ಕಳು. ರೊಟ್ಟಿ ಪಾಸಾಯಿತು. ಆಮೇಲೆ ಕರವಸ್ತ್ರದ ಗಂಟು ಸಿಕ್ಕಿತು. ಬಿಚ್ಚಿದಳು. ನಗು ಹೋಯಿತು.

"ಬ್ಯಾರೆ ದೇಶದ ಮಣ್ಣು ಒಳಗ ತರಂಗಿಲ್ಲಂತ್ರಿ ಕೊಟ್ರಮ್ಮ. ಮಣ್ಣಾಗ ಹುಳ ಇರ್ತಾವಂತ, ರೋಗ ಇರ್ತಾವಂತ."

"ನಮ್ಮ ಹೊಲದ ಮಣ್ಣಾಗ ಒಂದು ಎರೆಹುಳ ಇದ್ದಿದ್ರ ನಾ ಇಷ್ಟು ದೂರ ಯಾಕ ಬರ್ತಿದ್ದೆ, ಕೇಳ್ರಿ ಆಕಿನ."

ಮೇಡಂ ಅದನ್ನು ಹೇಗೆ ಹೇಳಿದರೋ ಗೊತ್ತಿಲ್ಲ. ಆ ಹೆಣ್ಣುಮಗಳು ನನ್ನ ಮುಖ ನೋಡಿದಳು, ಆದರೂ ಮಣ್ಣನ್ನು ಕಸದ ಡಬ್ಬಿಗೆ ಸುರಿದಳು. ಇಷ್ಟು ದೂರ ತಂದ ನನ್ನ ಹೊಲ ಕಾಗದದ ಲೋಟಗಳ ಮೇಲೆ ಬಿತ್ತು. ಕಣ್ಣು ತುಂಬಿತು. ಅಪಶಕುನ ಅನ್ನಿಸಿತು, ಊರಲ್ಲಿ ಹೊಲ, ಇಲ್ಲಿ ಹಿಡಿ ಮಣ್ಣು, ಎರಡೂ ಹೋಗುವುದೇನೋ ಎಂದು. ಅವಳು ಕರವಸ್ತ್ರವನ್ನು ಕೊಡವಿ ನಾಲ್ಕು ಮಡಿಕೆ ಮಡಿಚಿ, ಎರಡು ಕೈಯಲ್ಲಿ ಹಿಡಿದು ಕೊಟ್ಟಳು. ದಂಡ ಹಾಕಲಿಲ್ಲ, ಗದರಲಿಲ್ಲ. ಅಷ್ಟಕ್ಕೆ ಸಮಾಧಾನ ಮಾಡಿಕೊಂಡೆ.

ಸಭೆ, ಆಮೇಲೆ ಕೆಂಪು ದಾರಿ

ಸಭೆಯ ಬಗ್ಗೆ ಹೆಚ್ಚು ಹೇಳಲಾರೆ. ತಣ್ಣನೆಯ ಕೋಣೆ, ಪರದೆಯ ಮೇಲೆ ಚಿತ್ರಗಳು. ಮೇಡಂ ಪಿಸುಗುಟ್ಟಿ ಹೇಳುತ್ತಿದ್ದರು, ನಾನು ಸೆರಗು ಹೊದ್ದು ಕೇಳುತ್ತಿದ್ದೆ. ಒಬ್ಬ ವಯಸ್ಸಾದ ಹೆಂಗಸು ಹೇಳಿದ ಒಂದು ಮಾತು ಮಾತ್ರ ತಲೆಯಲ್ಲಿ ಕೂತಿತು: ಮಣ್ಣನ್ನು ಬರಿಮೈಯಲ್ಲಿ ಬಿಸಿಲಿಗೆ ಬಿಡಬೇಡಿ. ದಂಟು, ಹೊಟ್ಟು, ಎಲೆ, ಏನಾದರೂ ಹೊದಿಸಿ. ಹೊದ್ದ ಮಣ್ಣು ನೀರು ಹಿಡಿಯುತ್ತದೆ, ಒಳಗೆ ಹುಳುಹುಪ್ಪಟೆ ಉಳಿಯುತ್ತವೆ. ನನಗೆ ನಮ್ಮ ಮೆಕ್ಕೆಜೋಳದ ದಂಟಿಗೆ ಬೆಂಕಿ ಇಡುವುದು ನೆನಪಾಯಿತು. ಒಲೆಗೆ ಹೋಗುವ ಶೇಂಗಾ ಸಿಪ್ಪೆಯೂ ನೆನಪಾಯಿತು. ಮಕ್ಕಳಿಗೆ ಬಿಸಿಲಲ್ಲಿ ತಲೆಗೆ ಟವೆಲು ಸುತ್ತಿ ಕಳಿಸುವ ನಾವು ಹೊಲವನ್ನು ಬೋಳು ಮಾಡಿ ಬಿಡುತ್ತೇವಲ್ಲ.

ಸಭೆ ಮುಗಿದ ಮೇಲೆ ಇಬ್ಬಿಬ್ಬರನ್ನು ಒಂದೊಂದು ರೈತರ ಮನೆಗೆ ಕಳಿಸಿದರು. ಜೀಪು ಇಳಿಯುತ್ತಾ ಇಳಿಯುತ್ತಾ ಹಸಿರು ಕಡಿಮೆಯಾಗಿ ಕೆಂಪು ಶುರುವಾಯಿತು. ಅದೇ ಮಸಾರಿ, ಅದೇ ಜಾಲಿಯಂಥ ಗಿಡ, ಅದೇ ಧೂಳು. ಕಣ್ಣು ಕಟ್ಟಿ ತಂದು ಬಿಟ್ಟಿದ್ದರೆ ಹಗರಿಬೊಮ್ಮನಹಳ್ಳಿ ದಾರಿ ಎಂದು ಯಾವುದೋ ಬಸ್ಸಿಗೆ ಕೈ ಮಾಡುತ್ತಿದ್ದೆ. ಆದರೆ ಇಲ್ಲಿ ಕತ್ತೆಗಳು ಹಳದಿ ನೀರಿನ ಕ್ಯಾನು ಹೊತ್ತು ಸಾಲಾಗಿ ಹೋಗುತ್ತಿದ್ದವು, ಆನೆಯ ಕಾಲಿನಂಥ ಬೊಡ್ಡೆಯ ದೊಡ್ಡ ಮರಗಳು ನಿಂತಿದ್ದವು. ಇಷ್ಟು ದೂರ ಬಂದು ನಮ್ಮ ಮಣ್ಣನ್ನೇ ಕಂಡೆನಲ್ಲ ಎಂದು ಮನಸ್ಸು ಹಗುರಾಯಿತು.

ಮ್ವೆಂದೆಯ ಅಂಗಳ

ನಾವು ಇಳಿದ ಮನೆಯ ಯಜಮಾನಿಯ ಹೆಸರು ಮ್ವೆಂದೆ. ನನಗಿಂತ ಸ್ವಲ್ಪ ಹಿರಿಯಳು. ಗಟ್ಟಿ ಕೈ, ಗಟ್ಟಿ ದನಿ, ಸೊಂಟಕ್ಕೆ ಹೂವಿನ ಬಟ್ಟೆ. ಅವಳಿಗೆ ಇಂಗ್ಲಿಷು ಬರುತ್ತಿತ್ತು. ಅವಳು ಹೇಳಿದ್ದನ್ನು ಮೇಡಂ ನನಗೆ, ನಾನು ಹೇಳಿದ್ದನ್ನು ಅವಳಿಗೆ ದಾಟಿಸುತ್ತಿದ್ದರು. ಅಲ್ಲಿ ತಾಯಂದಿರನ್ನು ಮಗುವಿನ ಹೆಸರು ಸೇರಿಸಿ 'ಮಾಮಾ' ಎನ್ನುತ್ತಾರೆ. ನನ್ನ ಮಗಳ ಹೆಸರು ಗಿರಿಜಾ ಎಂದದ್ದೇ ನಾನು ಮಾಮಾ ಗಿರಿಜಾ ಆದೆ. ಯಾರಾದರೂ ಕರೆದರೆ, ಯಾವ ಸೋದರಮಾವ ಬಂದನೆಂದು ಹಿಂತಿರುಗಿ ನೋಡುತ್ತಿದ್ದೆ.

ಅಂಗಳದಲ್ಲಿ ಒಂದು ಕಂದು ಮೇಕೆ ಕಟ್ಟಿತ್ತು. ಬಂದ ಅತಿಥಿಗಳಿಗೆ ಅಡುಗೆಯಂತೆ. ನಾನು ಮೇಡಂ ಕಡೆ ನೋಡಿದೆ. ಮೇಡಂ ಹೇಳಿದರು, ಇವರು ಮಾಂಸ ಮುಟ್ಟುವುದಿಲ್ಲ ಎಂದು.

"ಯಾವ ಮಾಂಸ? ದನದ್ದಾ?" ಎಂದಳು ಮ್ವೆಂದೆ.

"ಯಾವುದೂ ಇಲ್ಲ."

"ಕೋಳಿಯಾದರೂ?"

"ಇಲ್ಲ."

"ಪಾಪ," ಎಂದಳು ನನ್ನ ತೋಳು ಸವರಿ. ನಿಜವಾಗಿ ಮರುಗಿದಳು. ಆಮೇಲೆ ಮೇಕೆಯ ಹಗ್ಗ ಬಿಚ್ಚಿ ಅದರ ಬೆನ್ನಿಗೆ ಒಂದು ಏಟು ಕೊಟ್ಟು, "ಹೋಗು, ಇಂಡಿಯಾದಿಂದ ನಿನ್ನ ಪ್ರಾಣ ಬಂತು," ಎಂದಳು. ನೆರೆಯವರೆಲ್ಲ ನಕ್ಕರು. ಆ ಮೇಕೆಗೆ ನನ್ನ ಹೆಸರೇ ಇಟ್ಟರು. ಮರುದಿನ ಬೆಳಿಗ್ಗೆ ಯಾರೋ "ಕೊತ್ರಾಮಾ, ಕೊತ್ರಾಮಾ" ಎಂದು ಕೂಗಿದಾಗ ನಾನು ಓಡಿ ಹೋದೆ, ನನ್ನ ಜೊತೆಗೇ ಮೇಕೆಯೂ ಓಡಿ ಬಂತು.

ಊಟಕ್ಕೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸೊಪ್ಪು, ಹುರುಳಿಯಂಥ ಕಾಳು. ಕೂಡ್ಲಿಗಿ ಕಡೆಯ ರಾಗಿ ಮುದ್ದೆಯ ಬೆಳ್ಳಗಿನ ತಂಗಿ ಅದು. ಆದರೆ ಅಗಿಯುತ್ತಾರೆ, ನಮ್ಮಂತೆ ನುಂಗುವುದಿಲ್ಲ. ನಾನು ನುಂಗುವುದನ್ನು ಮಕ್ಕಳು ಸುತ್ತ ನಿಂತು ನೋಡಿದರು. ತಟ್ಟೆ ಮುಟ್ಟುವ ಮೊದಲು ಮ್ವೆಂದೆ ಕಣ್ಣು ಮುಚ್ಚಿ ಉದ್ದಕ್ಕೆ ಪ್ರಾರ್ಥನೆ ಮಾಡಿದಳು. ನನ್ನ ಹೆಸರೂ ಅದರಲ್ಲಿ ಕೇಳಿಸಿತು. ಯಾರ ದೇವರಾದರೇನು, ನನ್ನ ಹೆಸರು ಹೇಳಿ ಕೇಳುವವಳು ಅಷ್ಟು ದೂರದಲ್ಲಿ ಒಬ್ಬಳಿದ್ದಳಲ್ಲ.

ಚಹಾ ಮಾಡಿ ತಂದುಕೊಟ್ಟವರು ಅವಳ ಗಂಡ. ಸಣ್ಣ ದೇಹದ, ಮಾತು ಕಡಿಮೆಯ ಮನುಷ್ಯ. ಗಂಡಸು ಚಹಾ ತರುವುದನ್ನು ನಾನು ಬಾಯಿ ತೆರೆದು ನೋಡುತ್ತಿದ್ದೆ. ಮ್ವೆಂದೆ ಮೇಡಂ ಕಿವಿಯಲ್ಲಿ ಏನೋ ಹೇಳಿದಳು.

"ಅದಕ್ಕೊಂದು ಕಾರಣ ಐತಂತ್ರಿ. ನಾಳೆ ಹೊಲದಾಗ ತೋರಸ್ತಾಳಂತ."

ಮುಳ್ಳಿನ ಬೇಲಿ

ಹೊಲಕ್ಕೆ ಕಾಲಿಡುವ ಮೊದಲು ಚಪ್ಪಲಿ ಬಿಟ್ಟು ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನನ್ನ ರೂಢಿ. ಇನ್ನೊಬ್ಬರ ಹೊಲವಾದರೂ ತಾಯಿ ತಾಯಿಯೇ. ಮ್ವೆಂದೆ ಮುಂದೆ ಹೋಗುತ್ತಿದ್ದಳು; ಬೇಲಿಯ ಬಾಯಲ್ಲಿ ನಾನು ಚಪ್ಪಲಿ ಬಿಟ್ಟೆ. ಬಗ್ಗಿ ಮಣ್ಣು ಮುಟ್ಟಿದೆ, ಒಂದು ಹೆಜ್ಜೆ ಇಟ್ಟೆ.

"ಅಯ್ಯೋ ಕೊಟ್ರೇಶಾ!"

ಅದು ಮೇಕೆಗಳನ್ನು ಸಂಜೆಗೆ ಕೂಡಿಹಾಕುವ ಜಾಗ. ಸುತ್ತಲೂ ಮುಳ್ಳುಕೊಂಬೆಗಳ ಬೇಲಿ. ನಮ್ಮ ಜಾಲಿ ಮುಳ್ಳಿನ ದೊಡ್ಡಣ್ಣನಂಥ ಬಿಳಿ ಮುಳ್ಳು, ಬೆರಳಿನಷ್ಟು ಉದ್ದ. ಹಿಮ್ಮಡಿಯಲ್ಲಿ ಪೂರಾ ಇಳಿದಿತ್ತು. ಮ್ವೆಂದೆ ಓಡಿ ಬಂದು ನನ್ನನ್ನು ಒಂದು ಕಲ್ಲಿನ ಮೇಲೆ ಕೂಡಿಸಿ, ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಬೈಯುತ್ತಿದ್ದಳು, ಅದಕ್ಕೆ ಮೇಡಂ ಬೇಕಾಗಲಿಲ್ಲ. ಮುಳ್ಳು ತೆಗೆಯಲು ಏನಾದರೂ ಮೊನಚು ಬೇಕೆಂದು ಸುತ್ತ ನೋಡಿದಳು. ನಾನು ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟೆ. ಅವಳು ನನ್ನ ಬಳೆ ನೋಡಿದಳು. ಅಲ್ಲಿ ಇನ್ನೂ ಮೂರ್ನಾಲ್ಕು ಪಿನ್ನು ತೂಗುತ್ತಿದ್ದವು. ತಾಳಿಯಲ್ಲೂ ಎರಡು.

"ಇಷ್ಟೆಲ್ಲ ಆಯುಧ ತಂದವಳು ಚಪ್ಪಲಿ ಯಾಕೆ ಬಿಟ್ಟೆ ಅಂತ ಕೇಳ್ತಾಳ," ಎಂದು ಮೇಡಂ ಬಿದ್ದು ಬಿದ್ದು ನಕ್ಕರು.

"ಭೂಮಿತಾಯಿ ಮ್ಯಾಲ ಚಪ್ಪಲಿ ಮೆಟ್ಟಬಾರದು ಅಂತ, ಹೇಳ್ರಿ."

ಮ್ವೆಂದೆ ಕೇಳಿಸಿಕೊಂಡಳು. ಆಮೇಲೆ ಪಿನ್ನಿನಿಂದ ಬಿಡಿಸಿ ಮುಳ್ಳನ್ನು ಎಳೆದಳು. ಮುರಿಯದೆ ಇಡಿಯಾಗಿ ಬಂತು, ಅದೊಂದು ಪುಣ್ಯ. "ನಿನ್ನ ಭೂಮಿತಾಯಿಗೆ ಹಲ್ಲಿದೆ. ಕೇಳಿಕೊಂಡು ಮುಟ್ಟು," ಎಂದಳು.

ಕೂತಲ್ಲಿಂದಲೇ ನಾನು ಆ ಜಾಗವನ್ನು ನೋಡಿದೆ. ಹಿಕ್ಕೆ ಹಾಸಿತ್ತು, ಗೊರಸು ತುಳಿದು ಮಣ್ಣು ಪುಡಿಯಾಗಿತ್ತು. ಬೇಲಿಯನ್ನು ಆಗಾಗ ಎತ್ತಿ ಪಕ್ಕಕ್ಕೆ ಸರಿಸುತ್ತಾರಂತೆ. ಹಿಂದೆ ಬೇಲಿ ಇದ್ದ ಜಾಗದಲ್ಲಿ ಗುಣಿ ತೋಡಿ, ಹಿಕ್ಕೆ ಒಣಎಲೆ ತುಂಬಿ, ಅದರೊಳಗೇ ಕಾಳು ಬಿತ್ತುತ್ತಾರಂತೆ. ಬಿದ್ದ ನಾಲ್ಕು ಹನಿ ಗುಣಿಯಲ್ಲೇ ನಿಲ್ಲುತ್ತವೆ.

"ಇದು ನಮ್ಮ ಕುರಿ ತರುಬೋದೇ ಐತಲ್ರಿ ಮೇಡಂ!" ಎಂದೆ. ಇದನ್ನು ನೋಡಲು ಸಮುದ್ರ ದಾಟಿ ಬರಬೇಕಾಯಿತು. ನಮ್ಮ ಅತ್ತೆ ಇದ್ದಿದ್ದರೆ ನನ್ನ ತಲೆಗೆ ಮೊಟಕುತ್ತಿದ್ದರು.

ಬೆರಳುದ್ದ

ಬೇಲಿಯಿಂದಾಚೆ ನೆಲ ಒಮ್ಮೆಲೇ ತಗ್ಗಾಗಿತ್ತು. ಮನೆಯಷ್ಟು ಅಗಲದ, ನನ್ನ ಸೊಂಟದಷ್ಟು ಆಳದ ಒಂದು ಚೌಕ ಗುಂಡಿ. ಅದರ ತಳದಲ್ಲಿ ಸಾಲು ಸಾಲು ಗುಣಿ, ಗುಣಿಯಲ್ಲಿ ಸಣ್ಣ ಹಸಿರು. ಮ್ವೆಂದೆ ಅದರ ಅಂಚಿನಲ್ಲಿ ನಿಂತು ಹೇಳಿದಳು. ಮೇಡಂ ಹೇಳುತ್ತಾ ಹೋದರು.

ಮದುವೆಯಾದ ಹೊಸದರಲ್ಲಿ ಅವಳ ಎಲ್ಲಕ್ಕಿಂತ ಒಳ್ಳೆಯ ಹೊಲ ಇದಾಗಿತ್ತು. ಅವಳು ಹೆರಿಗೆಗೆಂದು ತವರಿಗೆ ಹೋಗಿದ್ದಳು. ಆಗ ರಸ್ತೆ ಮಾಡುವವರು ಬಂದು ಮಣ್ಣು ಕೇಳಿದರು. ಗಂಡ ಕೊಟ್ಟ. ಮಣ್ಣೇನು, ಇನ್ನೂ ಕೆಳಗೆ ಇದ್ದೇ ಇದೆಯಲ್ಲ ಎಂದುಕೊಂಡ. ಅವಳು ಕೂಸು ಎತ್ತಿಕೊಂಡು ಬಂದಾಗ ಹೊಲದ ಜಾಗದಲ್ಲಿ ಈ ಗುಂಡಿ ಇತ್ತು. ಮೊದಲ ಮಳೆಗೆ ಹಾಕಿದ ಬೀಜ ಹಾಗೇ ಒಣಗಿತು, ಎರಡನೆಯ ವರ್ಷವೂ. ಆಮೇಲೆ ಅವಳು ಮೇಕೆಗಳನ್ನು ಗುಂಡಿಯೊಳಗೇ ಕೂಡಿಹಾಕತೊಡಗಿದಳು. ಎಲೆ ತಂದು ಹಾಕಿದಳು, ಒಲೆಯ ಬೂದಿ ಹಾಕಿದಳು, ಕಸ ಗುಡಿಸಿ ಹಾಕಿದಳು.

"ಆವಾಗ ಬೆನ್ನ ಮ್ಯಾಲಿದ್ದ ಕೂಸು ಈಗ ಮದುವ್ಯಾಗಿ ಮಕ್ಕಳ ತಾಯಿ ಆಗ್ಯಾಳಂತ," ಎಂದರು ಮೇಡಂ.

ಮ್ವೆಂದೆ ಗುಂಡಿಗೆ ಇಳಿದು ನನ್ನ ಕೈ ಹಿಡಿದು ಇಳಿಸಿದಳು. ನನ್ನ ತೋರುಬೆರಳನ್ನು ಹಿಡಿದು ಮಣ್ಣಿನಲ್ಲಿ ಊರಿದಳು. ಮೆತ್ತಗೆ ಇಳಿಯಿತು, ಕಪ್ಪಗೆ, ತಂಪಾಗಿ. ಬೆರಳಿನ ಬುಡ ತಲುಪುವ ಹೊತ್ತಿಗೆ ತುದಿಗೆ ಹರಳು ತಾಗಿತು. ಇನ್ನಷ್ಟು ಒತ್ತಿದೆ. ಇಳಿಯಲಿಲ್ಲ.

"ಇಷ್ಟೇ," ಎಂದಳು. "ನನ್ನ ಅರ್ಧ ಆಯುಷ್ಯಕ್ಕೆ ಇಷ್ಟು ವಾಪಸು ಬಂದಿದೆ."

ಆಮೇಲೆ ದೂರದಲ್ಲಿ ಕಟ್ಟಿಗೆ ಆರಿಸುತ್ತಿದ್ದ ಗಂಡನ ಕಡೆ ಗದ್ದ ಮಾಡಿ, ನಗುತ್ತಲೇ, "ಅಂದಿನಿಂದ ಚಹಾ ಇವರದು," ಎಂದಳು.

ನಾನು ನಗಲಿಲ್ಲ. ನಗಲು ಆಗಲಿಲ್ಲ. ಅವಳು ತವರಿಗೆ ಹೋದಾಗ ಇದಾಯಿತು. ನಾನು ಈಗ ಎಲ್ಲಿದ್ದೇನೆ?

"ಮೇಡಂ, ಊರಿಗೆ ಫೋನ್ ಹಚ್ಚಿ ಕೊಡ್ರಿ. ಈಗಲೇ."

ಸಿಗ್ನಲ್ ಸಿಗುವ ದಿಬ್ಬ

ಫೋನು ಹತ್ತುವುದು ಚರ್ಚಿನ ದಿಬ್ಬದ ಮೇಲೆ ಮಾತ್ರ. ನೋಯುವ ಹಿಮ್ಮಡಿ ಎತ್ತಿ ಇಡುತ್ತಾ, ಮ್ವೆಂದೆಯ ಹೆಗಲು ಹಿಡಿದು ಹತ್ತಿದೆ. ನಮ್ಮ ಹಿಂದೆ ನನ್ನ ಹೆಸರಿನ ಮೇಕೆ. ಬಾಯಲ್ಲಿ ಕೊಟ್ರೇಶನ ನಾಮ, ಕಣ್ಣಲ್ಲಿ ಹಳದಿ ಬಣ್ಣದ ಜೆಸಿಬಿ.

ಇವರು ಫೋನೆತ್ತಿದರು. ಆದರೆ ಇವರ ದನಿಗಿಂತ ಮೊದಲು ಬೇರೆಯೇ ಸಪ್ಪಳ ಕೇಳಿತು. ಬ್ಯಾ, ಬ್ಯಾ ಎಂದು.

"ಏನ್ರಿ, ಅದೇನದು?"

"ಕುರಿ."

"ಯಾರ ಕುರಿ?"

"ಯಾರ ಕುರಿ ಅಂತ ನನ್ನ ಕೇಳ್ತಿ! ಮೈಲವ್ವನ ಕುರಿ ಮಂದಿ ಪೂರಾ ಮ್ಯಾಗಿನ ಹೊಲದಾಗ ಕುಂತೈತಿ. ಎಲಿ ಅಡಿಕಿ ಕೊಟ್ಟು ಕರದಾಕಿ ನೀನು, ರೊಟ್ಟಿಗೆ ಓಣಿ ಓಣಿ ತಿರಗಾವ ನಾನು!"

"ನಾ ಎಲ್ಲಿ ಕರದೀನ್ರಿ? ಹೊಂಟಾಗ ಉಡಿ ತುಂಬೀನಿ ಅಷ್ಟ."

"ಮುಂಗಾರಿ ಮುಂದ ಕುರಿಗಾರ ಹೆಣ್ಮಗಳ ಸೆರಗಿಗೆ ಜ್ವಾಳ, ಎಲಿ, ಅಡಿಕಿ ಹಾಕಿದ್ರ ಅದಕ್ಕ ಉಡಿ ಅಂತಾರೇನು? ಮಂದಿ ತಂದು ನಮ್ಮ ಹೊಲದಾಗ ತರುಬ್ರಿ ಅಂತ ಮಾತು ಕೊಟ್ಟಂಗ ಅದು. ಇಷ್ಟು ವರ್ಷ ಆತು ಈ ಮನಿಗೆ ಬಂದು, ಗೊತ್ತಿಲ್ಲೇನು?"

ನಿಜವಾಗಿ ಗೊತ್ತಿರಲಿಲ್ಲ. ನನ್ನ ತವರು ಹಲವಾಗಲು ಎಂಬ ಊರು, ಹೊಳೆಯ ದಂಡೆ. ಅಲ್ಲಿ ಕುರಿ ಕರೆಯುವ ಪದ್ಧತಿ ನಾನು ಕಂಡಿಲ್ಲ. ಇಲ್ಲಿ ಅದನ್ನು ನಮ್ಮ ಅತ್ತೆಯವರೇ ಮಾಡುತ್ತಿದ್ದರು, ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. 'ಮಾತು ಅಂದ್ರ ಮಾತು' ಎಂದು ಮೈಲವ್ವ ಅಂದದ್ದು ಈಗ ಅರ್ಥವಾಯಿತು.

"ಅದಿರ್ಲಿ, ಮಷೀನು?" ಎಂದೆ.

"ಬಂದಿತ್ತು. ಮುಂಜಾನಿ ಬಂದು ಬದುವಿನ ಮ್ಯಾಲ ನಿಂತಿತ್ತು. ಮೈಲವ್ವನ ಗಂಡ ಬೀರಪ್ಪ ಏಳವಲ್ಲ. ಕರಿಸಿಕೊಂಡು ಬಂದೀವಿ, ರಾತ್ರಿ ಕುರಿ ಬ್ಯಾರೆ ಈದಾವು, ಹಸಿ ಮರಿ ಕಟಗೊಂಡು ಎಲ್ಲಿಗೆ ಹೋಗ್ಲಿ ಅಂತಾನ. ಡ್ರೈವರ ಹಾರ್ನ್ ಹೊಡದ. ಟಗರು ಬಂದು ಗಾಲಿಗೆ ಗುದ್ದಿತು."

"ನೀವೇನಂದ್ರಿ?"

"ನಾ ಏನನ್ಲಿ? ಮನಿ ಹೆಣ್ಮಗಳು ಕರದ ಮಂದಿನ ಎಬ್ಬಿಸಿದ್ರ ಊರಾಗ ಹೆಂಗ ಮಾರಿ ತೋರಸ್ಲಿ? ಮಂದಿ ಎದ್ದ ಮ್ಯಾಲ ಬಾರಪಾ ಅಂತ ಕಳಿಸೀನಿ."

ಮಂದೆ ಎದ್ದ ಮೇಲೆ! ನಾನು ಮ್ವೆಂದೆಯ ಗುಂಡಿಯ ಕಥೆ ಹೇಳಲು ಬಾಯಿ ತೆರೆದೆ. "ರೀ, ಇಲ್ಲಿ ಒಬ್ಬಾಕಿ ಅದಾಳ, ಆಕಿ ಹೊಲದ ಮಣ್ಣು..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಆಮೇಲೆ ಹತ್ತಲೇ ಇಲ್ಲ.

ಮೇಡಂ ಎಲ್ಲವನ್ನೂ ಮ್ವೆಂದೆಗೆ ಹೇಳಿದರು. ಅವಳು ಚರ್ಚಿನ ಮೆಟ್ಟಿಲ ಮೇಲೆ ಕೂತು ತೊಡೆ ತಟ್ಟಿಕೊಂಡು ನಕ್ಕಳು. ನನಗೂ ನಗು ಬಂತು; ಜೊತೆಗೇ ಅಳುವೂ. ಕಾಲು ತಪ್ಪಿ ಬಿದ್ದವಳನ್ನು ಕೆಳಗೆ ಯಾರೋ ಹಿಡಿದುಕೊಂಡ ಹಾಗಿತ್ತು. ಹಿಡಿದವರು ಎಷ್ಟು ಹೊತ್ತು ಹಿಡಿದಿರುತ್ತಾರೋ ಎಂಬ ಅಂಜಿಕೆಯೂ ಇತ್ತು. ಹೊರಡುವಾಗ ಬಳೆಯ ಪಿನ್ನುಗಳನ್ನೆಲ್ಲ ಬಿಚ್ಚಿ ಅವಳಿಗೆ ಕೊಟ್ಟೆ. ಅವಳು ಒಂದನ್ನು ಕುಪ್ಪಸಕ್ಕೆ ಚುಚ್ಚಿಕೊಂಡು, "ನಿನ್ನ ಕುರಿಗಳು ನೀನು ಹೋಗುವ ತನಕ ಏಳದಿರಲಿ," ಎಂದು ಪ್ರಾರ್ಥನೆ ಮಾಡಿದಳು.

ಕೂಡ್ಲಿಗಿ

ಬೆಂಗಳೂರಿನಿಂದ ಬಂದ ಬಸ್ಸು ಕೂಡ್ಲಿಗಿಯಲ್ಲಿ ಇಳಿಸಿತು. ಇವರು ಗಾಡಿ ತಂದು ನಿಂತಿದ್ದರು. ಆರಾಮೇನು, ಹುಷಾರೇನು ಎಂದು ಇಬ್ಬರೂ ಕೇಳಿಕೊಂಡೆವು, ಅಷ್ಟೇ. ಹಿಂದೆ ಕೂತು ಚೀಲ ತಬ್ಬಿಕೊಂಡೆ. ಕೊಟ್ಟೂರಿನ ಅಂಚಿನಲ್ಲಿ ಲೇಔಟ್ ಬಂತು. ಟ್ರ್ಯಾಕ್ಟರುಗಳು ಕೆಂಪು ಮಣ್ಣು ಸುರಿಯುತ್ತಿದ್ದವು. ನಾನು ಇವರ ಅಂಗಿ ಬಿಗಿಯಾಗಿ ಹಿಡಿದದ್ದು ಇವರಿಗೆ ಗೊತ್ತಾಗಿರಬೇಕು.

"ಅದು ನಮ್ಮದಲ್ಲ," ಎಂದರು ತಿರುಗಿ ನೋಡದೆ. "ಹರಪನಹಳ್ಳಿ ದಾರ್ಯಾಗ ಯಾರೋ ಕೊಟ್ಟಾರಂತ."

ಯಾರೋ ಕೊಟ್ಟಿದ್ದರು. ಆ ಮನೆಯ ಹೆಣ್ಣುಮಗಳು ಎಲ್ಲಿಗೆ ಹೋಗಿದ್ದಳೋ. ನನ್ನ ನಿರಾಳದ ನಡುವೆ ಅದೊಂದು ಹರಳು ಹಾಗೇ ಉಳಿಯಿತು.

"ಮತ್ತ ನಮ್ಮದು?"

ಇವರು ಉಜ್ಜಿನಿ ರಸ್ತೆಗೆ ಹೊರಳಿ, ಮನೆಗೆ ಹೋಗುವ ಬದಲು ಗಾಡಿಯನ್ನು ಮೇಲಿನ ಹೊಲದ ಬದುವಿಗೆ ತಂದು ನಿಲ್ಲಿಸಿದರು. ಮಂದೆ ಹೊಲದ ಅರ್ಧ ಮುಗಿಸಿ ಆಚೆ ತುದಿಗೆ ಸರಿದಿತ್ತು. ಮೈಲವ್ವ ದೂರದಿಂದಲೇ ಕೈ ಎತ್ತಿ, "ಯಕ್ಕಾ! ನಾ ಮಾತಿಗೆ ತಪ್ಪಿಲ್ಲ ನೋಡು!" ಎಂದು ಕೂಗಿದಳು.

ಚಪ್ಪಲಿ ಬಿಡಲು ಹೋದೆ. ಮ್ವೆಂದೆ ನೆನಪಾಗಿ, ಮೊದಲು ಮುಳ್ಳಿದೆಯೇ ನೋಡಿದೆ, ಆಮೇಲೆ ಬಿಟ್ಟೆ.

"ಮೊನ್ನಿ ಒಂದು ಮಳಿ ಬಿತ್ತು," ಎಂದರು ಇವರು, ಯಾರದೋ ಮೇಲೆ ದೂರು ಹೇಳುವಂತೆ. "ಆ ಕಡೆ ಹಳೀ ಹಂಗ ಜಾರಿ ಹೋತು. ಕುರಿ ಕುಂತಿದ್ದ ಕಡೆ ನೀರು ನಿಂತು ಇಂಗೇತಿ. ಕಳೆ ಹುಟ್ಟತೈತಿ ನೋಡು ಈಗ. ಯಾರು ಕೀಳಬೇಕು?"

"ನಾ ಕೀಳ್ತೀನಿ ಬಿಡ್ರಿ."

ಮೊಣಕಾಲೂರಿ ತೋರುಬೆರಳನ್ನು ಮಣ್ಣಿನಲ್ಲಿ ಇಳಿಸಿದೆ. ಬುಡದ ತನಕ ಇಳಿಯಿತು. ಐದೂ ಬೆರಳಿನಿಂದ ತೋಡಿದೆ, ಮೊಣಕೈ ತನಕ. ಅಲ್ಲಿಯ ತನಕವೂ ಮಣ್ಣೇ ಇತ್ತು. ಮ್ವೆಂದೆಯ ಕಥೆಯನ್ನು ಅಲ್ಲೇ ಕೂತು ಹೇಳಿದೆ, ಗುಂಡಿಯಿಂದ ಹಿಡಿದು ಚಹಾದ ತನಕ. ಇವರು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದರು. ಎದ್ದು ಗಾಡಿಗೆ ಕಿಕ್ ಹೊಡೆದರು.

ಮತ್ತೆ ಪಡಸಾಲೆ

ಮೊದಲು ದೇವರ ಮುಂದೆ ದೀಪ ಹಚ್ಚಿದೆ. ಸೆರಗು ಸಿಕ್ಕಿಸಿಕೊಂಡು ಪಡಸಾಲೆಗೆ ಬಂದರೆ ಮೂಲೆಯಲ್ಲಿ ನನ್ನ ಮೊರ. ನಾನು ಹೋಗುವಾಗ ಚೀಲದ ತುಂಬ ಕಾಯಿ ಬಿಟ್ಟು ಹೋಗಿದ್ದೆ. ಈಗ ಚೀಲ ಖಾಲಿ. ಕಾಯಿಯೆಲ್ಲ ಸುಲಿದಿದ್ದವು. ಕೆಳಗಿನ ಹೊಲಕ್ಕೆ ಬೇಕಾದಷ್ಟು ಮಾತ್ರವಲ್ಲ, ಎಲ್ಲವೂ.

ಕೈ ಹಾಕಿ ನೋಡಿದೆ. ಅರ್ಧಕ್ಕರ್ಧ ಒಡೆದಿದ್ದವು. ಸುಲಿದ ಕೈ ಹೊಸದು, ಒರಟು. ಬಾಗಿಲಲ್ಲಿ ನಿಂತಿದ್ದ ಇವರ ಹೆಬ್ಬೆರಳು ನೋಡಿದೆ. ಬಟ್ಟೆಯ ಚೂರು ಸುತ್ತಿಕೊಂಡಿದ್ದರು.

"ಮೈಲವ್ವನ ಮನ್ಯವ್ರು ಉಣ್ಣಾಕ ಬರ್ತಾರ," ಎಂದರು ಬೇರೆ ಕಡೆ ನೋಡುತ್ತಾ. "ಇವತ್ತಾರ ರೊಟ್ಟಿ ನಿನ್ನ ಕೈಯವು ಆಗ್ಲಿ. ಕಂಟ್ರಾಕ್ಟರಗ ಬ್ಯಾಡಂತ ಹೇಳೀನಿ."

"ಯಾವಾಗ ಹೇಳಿದ್ರಿ?"

"ಬೀಜ ಸುಲಿಯಾಕ ಕುಂತಾಗ."

ಕೊಟ್ರೇಶ, ಇನ್ನೇನು ಬೇಡ ನನಗೆ. ಮೊರ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಸಿಪ್ಪೆಯನ್ನು ಒಲೆಗೆ ಹಾಕದೆ ಚೀಲಕ್ಕೆ ತುಂಬಿ ಬಾಗಿಲ ಪಕ್ಕ ಇಟ್ಟೆ, ಬೆಳಿಗ್ಗೆ ಹೊಲಕ್ಕೆ ಒಯ್ಯಲು. ಆಮೇಲೆ ಕಾಳು ಆರಿಸತೊಡಗಿದೆ. ಇಡಿಯವು ಬಿತ್ತನೆಗೆ ಒಂದು ಕಡೆ. ಒಡೆದವು ಇನ್ನೊಂದು ಕಡೆ, ರಾತ್ರಿಯ ರೊಟ್ಟಿಯ ಜೊತೆಗೆ ಚಟ್ನಿಗೆ.